ಚಿಲಕನ ಮಂಡಿ

ನಮ್ಮ ತಂಡದಲ್ಲಿ ಚಿಲಕನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಚೆಂಡಿಗೆ ಮೈ ಕೊಡುವುದು. ಪತ್ರಿಕೆಯವರು ಅನುಭವಿ ಡಿಫೆಂಡರ್, ತಂಡದ ಬೆನ್ನೆಲುಬು ಎಂದೆಲ್ಲ ಬರೆದರು. ಬೆನ್ನೆಲುಬೂ ಇಲ್ಲ, ಮಣ್ಣೂ ಇಲ್ಲ. ಹದಿನಾಲ್ಕು ವರ್ಷ ಅವನ ಬೆನ್ನ ಹಿಂದೆ ನಿಂತ ಗೋಲ್‌ಕೀಪರ್ ನಾನು. ಅವನ ಬೆಲೆ ಏನು ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಹಾಕಿ ನೋಡದವರಿಗೆ ಇಷ್ಟು ಹೇಳಬೇಕು. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಎದುರಾಳಿಯೊಬ್ಬ ನಮ್ಮ ಗೋಲಿನ ಪಕ್ಕದ ಗೆರೆಯಿಂದ ಚೆಂಡನ್ನು ಹೊರಕ್ಕೆ ತಳ್ಳುತ್ತಾನೆ. ಅರ್ಧವೃತ್ತದ ಅಂಚಿನಲ್ಲಿ ಒಬ್ಬ ಅದನ್ನು ನಿಲ್ಲಿಸುತ್ತಾನೆ, ಮತ್ತೊಬ್ಬ ಕೋಲಿನಲ್ಲಿ ಎಳೆದು ಗೋಲಿಗೆ ಬೀಸುತ್ತಾನೆ. ನಾವು ಐದು ಜನ ಗೋಲಿನಲ್ಲಿ ಕಾಯುತ್ತಿರುತ್ತೇವೆ. ಚೆಂಡು ಹೊರಟ ಗಳಿಗೆಗೆ ನಮ್ಮಲ್ಲೊಬ್ಬ ಬೀಸುವವನ ಎದುರಿಗೇ ಓಡಬೇಕು. ಚೆಂಡು ಕೋಲಿಗೆ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ತೊಡೆಗೆ, ಹೊಟ್ಟೆಗೆ, ಎಲ್ಲಿಗೆ ಬಡಿಯುತ್ತದೋ ಅಲ್ಲಿಗೆ. ಯಾರು ಓಡಬೇಕು ಎಂದು ಕೂಗಿ ಹೇಳುವವನು ಕೀಪರ್. ನಾನು ಹದಿನಾಲ್ಕು ವರ್ಷ ಒಂದೇ ಹೆಸರು ಕೂಗಿದೆ. ಅವನು ಓಡಿದರೆ ಬಾಗಿಲು ಮುಚ್ಚಿದ ಹಾಗೆ, ಅದಕ್ಕೇ ಚಿಲಕ ಎಂಬ ಹೆಸರು ಬಂತು. ಮೈದಾನದ ಹೊರಗೆ ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ.

ಕಳೆದ ಋತುವಿನ ಕೊನೆಯಲ್ಲಿ ಹಾಗೆ ಓಡಿದಾಗಲೇ ಚೆಂಡು ಬಡಿದು ಅವನ ಬಲಮಂಡಿಯ ಚಿಪ್ಪು ಮೂರು ಚೂರಾಯಿತು. ಡಾಕ್ಟರು ತಂತಿ ಹಾಕಿ ಕಟ್ಟಿದರು. ಇನ್ನೊಂದು ಸಲ ಪೆಟ್ಟು ಬಿದ್ದರೆ ಕಾಲು ಮಡಚುವ ಆಸೆ ಬಿಡಬೇಕು ಎಂದು ಅವನಿಗೂ ಅತ್ತಿಗೆಗೂ ಕೂರಿಸಿಕೊಂಡು ಹೇಳಿದರು. ನಾನೂ ಅಲ್ಲೇ ಇದ್ದೆ. ಕೇಳಿಸಲಿಲ್ಲ ಎನ್ನುವ ಹಾಗಿಲ್ಲ.

ಅವನಿಲ್ಲದ ಆರು ತಿಂಗಳಲ್ಲಿ ಕಾರ್ನರ್‌ನಲ್ಲೇ ನನ್ನ ಮೇಲೆ ಹನ್ನೊಂದು ಗೋಲು ಬಿದ್ದವು. ಅವನ ಜಾಗಕ್ಕೆ ಬಂದವನ ಹೆಸರು ಫೋಟೋ. ಪಂದ್ಯ ಸೋತರೂ ಕೂದಲು ಸರಿಮಾಡಿಕೊಂಡು ಫೋಟೋ ತೆಗೆಸಿಕೊಳ್ಳುವ ಆಸಾಮಿ. ಆಟ ಚೆನ್ನಾಗಿಯೇ ಇದೆ, ಕಾಲು ಜಿಂಕೆಯದು. ಆದರೆ ಕಾರ್ನರ್‌ಗೆ ಓಡುವಾಗ ಕೊನೆಯ ಎರಡು ಹೆಜ್ಜೆಯಲ್ಲಿ ಮುಖ ತಿರುಗಿಸುತ್ತಾನೆ. ಅವನು ಮುಖ ತಿರುಗಿಸಿದರೆ ಚೆಂಡು ನೇರ ನನ್ನ ಮನೆಗೆ.

ಒಂದು ದಿನ ಕೋಚ್ ನನ್ನನ್ನು ಸಾಮಾನು ಕೋಣೆಗೆ ಕರೆದರು. ಕೋಲುಗಳ ಗೂಡಿನ ಪಕ್ಕದಲ್ಲಿ ಒಂದು ಮೇಜು, ಅದೇ ಅವರ ಆಫೀಸು. ನಮ್ಮದು ಕಾರ್ಖಾನೆಯ ತಂಡ. ಆಡುವಷ್ಟು ದಿನ ಆಟಗಾರ, ಆಮೇಲೆ ಕಾರ್ಖಾನೆ ಯಾವ ಮೂಲೆಗೆ ಹಾಕುತ್ತದೋ ಆ ಮೂಲೆ.

"ನಿನ್ನ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುತ್ತೆ?" ಎಂದರು.

"ಈ ಟೂರ್ನಿ ಆದ್ಮೇಲೆ ಸರ್."

"ಆ ಎರಡನೇ ಕೀಪರ್ ಎತ್ತರ ಇದ್ದಾನೆ ಅಲ್ವಾ?"

ಅವನ ಎತ್ತರ ನಾನೇನು ಕಡಿಮೆ ಮಾಡಲಿಕ್ಕಾಗುತ್ತದೆಯೇ?

"ಚಿಲಕ ವಾಪಸ್ ಬಂದ್ರೆ ನಿನ್ನ ಕಷ್ಟ ಮುಗೀತು. ನನ್ನದೂ ಮುಗೀತು. ಅವನ ಮನೆಗೆ ಹೋಗ್ತಾ ಇರು, ಸ್ವಲ್ಪ ಹುರುಪು ತುಂಬು," ಎಂದರು. ಅಷ್ಟೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾತಾಡುವುದರಲ್ಲಿ ಅವರು ನಿಸ್ಸೀಮರು.

ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಅವನ ಮನೆಗೆ ಹೋಗತೊಡಗಿದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಅರವತ್ತೆರಡು ಮೆಟ್ಟಿಲು. ಅತ್ತಿಗೆ ಬಾಗಿಲು ತೆಗೆದು, "ಬಾಪ್ಪಾ, ನಿನ್ನ ದಾರಿನೇ ಕಾಯ್ತಾ ಇದ್ರು," ಎಂದು ಚಹಾಕ್ಕೆ ನೀರಿಡುತ್ತಿದ್ದಳು. ಅವನು ಕುರ್ಚಿಯ ಬೆನ್ನು ಹಿಡಿದು ಕಾಯುತ್ತಿದ್ದ. ಫಿಸಿಯೋ ಮೇಡಂ ಹೇಳಿದ್ದ ವ್ಯಾಯಾಮ ಇದು: ಬಲಗಾಲೊಂದರ ಮೇಲೆ ನಿಂತು, ಮಂಡಿ ಅರ್ಧ ಮಡಚಿ, ನಲವತ್ತೈದು ಎಣಿಸುವವರೆಗೆ ತಡೆಯಬೇಕು. ಸೆಕೆಂಡಿಗೆ ಒಂದರಂತೆ ಎಣಿಕೆ. ಹತ್ತು ದಿನ ಸತತವಾಗಿ ನಲವತ್ತೈದು ಬಂದರೆ ಮಾತ್ರ ಮೈದಾನ. ಮೇಡಂಗೆ ಮೂರು ತಂಡ ನೋಡಬೇಕಿತ್ತು, ಹತ್ತು ದಿನಕ್ಕೊಮ್ಮೆ ಬಂದು ಗೋಡೆಗೆ ಅಂಟಿಸಿದ ಚಾರ್ಟ್ ನೋಡಿಕೊಂಡು ಹೋಗುತ್ತಿದ್ದರು. ಚಾರ್ಟ್ ತುಂಬುವವನು ನಾನು. ಎಣಿಸುವವನೂ ನಾನು.

ಮೊದಲ ವಾರ ಸರಿಯಾಗಿಯೇ ಎಣಿಸಿದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತು ದಾಟುವಷ್ಟರಲ್ಲಿ ತೊಡೆ ಗಡಗಡ ನಡುಗಿ ಅವನು ಕುರ್ಚಿಗೆ ಬೀಳುತ್ತಿದ್ದ. ಗಡಿಯಾರ ನೋಡಿದರೆ ನೋವು ಜಾಸ್ತಿಯಾಗುತ್ತದೆ ಎಂದು ಅದಕ್ಕೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದ. ಈ ಲೆಕ್ಕದಲ್ಲಿ ಟೂರ್ನಿ ಮುಗಿದು ನಾನು ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆಗೆ ಟೇಪು ಅಂಟಿಸುವಾಗ ಇವನು ನಲವತ್ತೈದಕ್ಕೆ ಬರುತ್ತಾನೆ ಅನ್ನಿಸಿತು. ಎಂಟನೇ ದಿನ ಎಣಿಕೆಯನ್ನು ಸ್ವಲ್ಪ ಓಡಿಸಿದೆ. ಒಂದೆರಡುಮೂರು, ನಾಲ್ಕೈದಾರು. ಇಪ್ಪತ್ತಾರಕ್ಕೆ ಬಂತು.

"ನೋಡ್ದ್ಯಾ ಅಣ್ಣ, ಒಂದೇ ದಿನಕ್ಕೆ ಆರು ಜಾಸ್ತಿ!" ಎಂದೆ.

ಅವನ ಮುಖ ಅರಳಿತು. ಅಡುಗೆಮನೆಯಿಂದ ಅತ್ತಿಗೆಯೂ ಬಂದು ನೋಡಿದಳು. ಅವತ್ತು ನನಗೆ ಚಹಾದ ಜೊತೆ ಬಿಸ್ಕತ್ತೂ ಸಿಕ್ಕಿತು. ನಾಚಿಕೆ ಆಗಲಿಲ್ಲವೇ ಎಂದರೆ, ಆಯಿತು. ಆದರೂ ಬಿಸ್ಕತ್ತು ತಿಂದೆ.

ಮೂರು ವಾರದಲ್ಲಿ ನಲವತ್ತೈದು ತಲುಪಿಸಿದೆ. ಅಷ್ಟು ಹೊತ್ತಿಗೆ ಗೋಡೆಯ ಗಡಿಯಾರದಲ್ಲಿ ಇಪ್ಪತ್ತೈದು ಸೆಕೆಂಡೂ ಆಗಿರುತ್ತಿರಲಿಲ್ಲ. ಸತತ ಹತ್ತನೇ ನಲವತ್ತೈದು ಬರೆದ ದಿನ ಮೇಡಂ ಬಂದು ತಾವೇ ಒಮ್ಮೆ ನಿಲ್ಲಿಸಿ ನೋಡಿದರು. ಇಪ್ಪತ್ತೆರಡಕ್ಕೇ ವಾಲಿದ. ಮೇಡಂ ಹುಬ್ಬು ಗಂಟಿಕ್ಕಿ ಚಾರ್ಟ್ ನೋಡಿದರು.

"ಬೆಳಗ್ಗೆಯಿಂದ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿದ್ದಾನೆ ಮೇಡಂ," ಎಂದೆ.

ಚಿಲಕ ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಬೆಳಗ್ಗೆಯಿಂದ ಅವನು ಮನೆಯಿಂದ ಹೊರಗೇ ಹೋಗಿರಲಿಲ್ಲ. ಮೇಡಂ ಸಹಿ ಹಾಕಿದರು.

ಟೂರ್ನಿಯಲ್ಲಿ ಅವನು ಬಂದದ್ದೇ ಬಂದದ್ದು, ನಮ್ಮ ಹುಡುಗರ ನಡಿಗೆಯೇ ಬದಲಾಯಿತು. ಅವನ ಪಾಸುಗಳು ಮೊದಲಿನ ಹಾಗಿರಲಿಲ್ಲ, ತಿರುಗುವುದು ನಿಧಾನ. ಅದು ಯಾರಿಗೆ ಬೇಕಿತ್ತು? ನಾಲ್ಕು ಪಂದ್ಯ, ಒಂಬತ್ತು ಕಾರ್ನರ್, ನನ್ನ ಮೇಲೆ ಒಂದೂ ಗೋಲಿಲ್ಲ. ಪ್ರತಿ ಪಂದ್ಯದ ನಂತರ ಅವನು ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಮಂಡಿಯನ್ನು ಐಸಿನ ಬಕೆಟ್ಟಿಗೆ ಇಳಿಬಿಟ್ಟು ಕೂರುತ್ತಿದ್ದ. ಹುಡುಗರು ಹಾಯುವಾಗ ಅವನ ಭುಜ ತಟ್ಟಿ, "ನೀನಿಲ್ದೆ ತಂಡ ಇಲ್ಲಣ್ಣ," ಎನ್ನುತ್ತಿದ್ದರು. ಅವನು ಅದನ್ನು ನಂಬಿದ. ಹೊಗಳಿಕೆಗೆ ಮರುಳಾಗದವನು ಯಾರಿದ್ದಾನೆ?

ಫೈನಲ್ ದಿನ ಬೆಳಗ್ಗೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು.

"ಕಾರ್ನರ್‌ಗೆ ಫೋಟೋನ ಓಡಿಸ್ಬೇಡ. ಮುಂದಿನ ತಿಂಗಳು ರಾಷ್ಟ್ರೀಯ ತಂಡದ ಶಿಬಿರ ಇದೆ, ಅವನನ್ನ ಕರೆದಿದ್ದಾರೆ. ಏನಾದ್ರೂ ಆದ್ರೆ ನನ್ನ ತಲೆ ಹೋಗುತ್ತೆ."

"ಚಿಲಕನ ಮಂಡಿ ಊದಿದೆ ಸರ್."

"ಅದು ಹೇಗೂ ಒಡೆದಿರೋ ಮಂಡಿ ತಾನೇ," ಎಂದು ನಕ್ಕರು.

ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಕೋಚ್ ಹೇಳಿದ್ದಕ್ಕಿಂತ ನಾನು ನಕ್ಕದ್ದೇ ಹೆಚ್ಚು ಚುಚ್ಚುತ್ತದೆ.

ಫೈನಲ್‌ನಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಅವನು ಎರಡು ಕಾರ್ನರ್‌ಗೆ ಓಡಿ ಎರಡನ್ನೂ ತಡೆದಿದ್ದ. ಎರಡನೆಯದರಿಂದ ಕಾಲೆಳೆದುಕೊಂಡು ವಾಪಸಾದದ್ದನ್ನು ಕಂಡೂ ಕಾಣದವನ ಹಾಗೆ ನಿಂತಿದ್ದೆ. ಎರಡು ನಿಮಿಷ ಉಳಿದಿರುವಾಗ ಅವರಿಗೆ ಮೂರನೇ ಕಾರ್ನರ್ ಸಿಕ್ಕಿತು. ಜನ ಎದ್ದು ನಿಂತು ಕೂಗುತ್ತಿದ್ದರು. ನಾವು ಐವರೂ ಗೋಲಿನೊಳಗೆ ಮುಖವಾಡ, ಮಂಡಿಕಟ್ಟು ಬಿಗಿದುಕೊಳ್ಳುತ್ತಿದ್ದೆವು. ಚಿಲಕ ನನ್ನ ಹತ್ತಿರ ಬಂದ. ಹೆಲ್ಮೆಟ್ಟಿಗೆ ಬಾಯಿ ತಾಗುವಷ್ಟು ಹತ್ತಿರ.

"ಈ ಸಲ ಫೋಟೋ ಓಡ್ಲಿ ಕಣೋ," ಎಂದ. "ಮಂಡಿ ನಿಲ್ತಾ ಇಲ್ಲ. ನಾನು ಕಂಬದ ಹತ್ರ ನಿಂತ್ಕೊತೀನಿ."

ಹದಿನಾಲ್ಕು ವರ್ಷದಲ್ಲಿ ಅವನು ಬೇಡ ಎಂದದ್ದು ಅದೊಂದೇ ಸಲ. ಅವನ ಕಣ್ಣಲ್ಲಿ ನೀರಿತ್ತೋ, ಬೆವರೋ. ಫೋಟೋ ಎರಡು ಹೆಜ್ಜೆ ಆಚೆ ನಿಂತು ಕೈಗವಸು ಸರಿಮಾಡಿಕೊಳ್ಳುತ್ತಿದ್ದ. ನನಗೆ ಕಂಡದ್ದು ಅವನ ತಿರುಗುವ ಮುಖ, ಎತ್ತರದ ಎರಡನೇ ಕೀಪರ್, ಪ್ಯಾಕಿಂಗ್ ವಿಭಾಗದ ಟೇಪು. ನಾನು ತಲೆ ಅಲ್ಲಾಡಿಸಿದೆ. ಆ ದೊಡ್ಡ ಹೆಲ್ಮೆಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿತು. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ ಕೂಗಿದೆ: "ಚಿಲಕ!"

ಹಾಗೆ ಕೂಗಿದ ಮೇಲೆ ಇಲ್ಲ ಎನ್ನುವ ಜಾತಿಯವನಲ್ಲ ಅವನು. ಅದು ಗೊತ್ತಿದ್ದೇ ಕೂಗಿದ್ದು. ಮುಖವಾಡದ ಪಟ್ಟಿ ಬಿಗಿದು, ಗೆರೆಯ ಮೇಲೆ ಕಾಲಿಟ್ಟ.

ಚೆಂಡು ಹೊರಟಿತು. ಮೊದಲ ನಾಲ್ಕು ಹೆಜ್ಜೆ ಹಳೆಯ ಚಿಲಕನದೇ. ಐದನೆಯದಕ್ಕೆ ಬಲಗಾಲು ಒಳಕ್ಕೆ ವಾಲಿತು. ಬೇರೆ ಯಾರಾದರೂ ಆಗಿದ್ದರೆ ಬಿದ್ದು ಉಳಿದುಕೊಳ್ಳುತ್ತಿದ್ದರು. ಅವನು ವಾಲಿದ ಕಾಲಿನ ಮೇಲೇ ಮುಂದಕ್ಕೆ ಬಾಗಿದ. ಚೆಂಡು ಮಂಡಿಕಟ್ಟಿನ ಒಳಬದಿಗೆ, ಕಟ್ಟು ಮುಚ್ಚದ ಕಡೆಗೆ ಬಡಿಯಿತು. ಒಣಕಟ್ಟಿಗೆ ಮುರಿದ ಸದ್ದು ಗೋಲಿನವರೆಗೂ ಕೇಳಿಸಿತು. ಚೆಂಡು ಉರುಳಿ ಬದಿಯ ಗೆರೆ ದಾಟಿತು. ಅವನನ್ನು ಹೊತ್ತು ಹೊರಗಿಟ್ಟ ಮೇಲೆ ಉಳಿದ ಆಟ ಆಡಿ ಮುಗಿಸಿದೆವು. ಕೊನೆಯ ಸೀಟಿ ಊದಿದಾಗ ನಾನು ಮೈದಾನದ ನಡುವಿಗೆ ಓಡಿದೆ, ಹುಡುಗರೆಲ್ಲ ನನ್ನ ಮೇಲೆ ಬಿದ್ದರು. ಅವನು ಆಗಲೂ ಗೆರೆಯಾಚೆ ಸ್ಟ್ರೆಚರ್ ಮೇಲೆ ಒಬ್ಬನೇ ಮಲಗಿದ್ದ. ಕುಣಿದು ಮುಗಿದ ಮೇಲೆ ನಮಗೆ ಅವನ ನೆನಪಾಯಿತು.

ಕಾಲನ್ನು ಉಳಿಸಿದರು, ಮಡಚುವುದನ್ನು ಉಳಿಸಲಾಗಲಿಲ್ಲ. ಮಂಡಿಯನ್ನು ನೇರವಾಗಿ ಕೂಡಿಸಿ ಲೋಹದ ಸರಳು ಹಾಕಿದರು. ಕಾರ್ಖಾನೆಯವರು ಬೀಳ್ಕೊಡುಗೆ ಮಾಡಿದರು. ವೇದಿಕೆಗೆ ನಾಲ್ಕು ಮೆಟ್ಟಿಲಿತ್ತು, ಅವನು ಹತ್ತಲಾರ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಅವನನ್ನು ಕೆಳಗೆ ಕೂರಿಸಿಯೇ ಕೋಚ್ ಮೇಲಿಂದ ಭಾಷಣ ಮಾಡಿದರು, "ತಂಡಕ್ಕಾಗಿ ಮೈಯನ್ನೇ ಕೊಟ್ಟವನು," ಎಂದರು. ಅವನ ಕೋಲಿಗೆ ಗಾಜಿನ ಚೌಕಟ್ಟು ಹಾಕಿಸಿ ಕೊಟ್ಟರು. ಕಾರ್ಖಾನೆಯ ಗೇಟಿನಲ್ಲಿ ಚೀಟಿ ಕೊಡುವ ಕೆಲಸ ಎಂದರು, ಮೆಟ್ಟಿಲು ಇಳಿಯಲು ಬಂದ ದಿನ ಸೇರಬಹುದು ಎಂದರು. ನನಗೆ ಉತ್ತಮ ಗೋಲ್‌ಕೀಪರ್ ಕಪ್ಪು ಬಂತು. ಜೊತೆಗೆ ಎರಡು ವರ್ಷದ ಹೊಸ ಕಾಂಟ್ರ್ಯಾಕ್ಟು.

ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಹೋಗದಿದ್ದರೆ ಜನ ಏನಂದಾರು ಎಂಬ ಭಯಕ್ಕೆ ಕೊನೆಗೆ ಒಂದು ಸಂಜೆ ನಾಲ್ಕಕ್ಕೆ ಹೋದೆ. ಅತ್ತಿಗೆ ಬಾಗಿಲು ತೆಗೆದವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಆ ಕೋಚು ಒಂದು ಸಲ ಈ ಕಡೆ ಬಂದಿಲ್ಲ ಕಣಪ್ಪ. ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಜನ. ನೀನೊಬ್ಬನೇ ನಮ್ಮವನು. ದಿನಾ ಬಂದು ಎಷ್ಟು ಕಷ್ಟಪಟ್ಟೆ ಇವರಿಗೋಸ್ಕರ, ನಾನು ಸತ್ರೂ ಮರೆಯಲ್ಲ." ಕಣ್ಣೊರೆಸಿಕೊಂಡೇ ಅಡುಗೆಮನೆಗೆ ಹೋದಳು.

ಅವನು ಅದೇ ಕುರ್ಚಿಯಲ್ಲಿದ್ದ. ಬಲಗಾಲನ್ನು ಎದುರಿನ ಸ್ಟೂಲಿನ ಮೇಲೆ ಕೋಲಿನ ಹಾಗೆ ಚಾಚಿದ್ದ. ಗೋಡೆಯಲ್ಲಿ ಗಾಜಿನ ಚೌಕಟ್ಟು, ಅದರ ಪಕ್ಕದಲ್ಲಿ ನಾನು ತುಂಬಿದ ಚಾರ್ಟು. ಅದನ್ನು ಅವರು ಇನ್ನೂ ಕಿತ್ತಿರಲಿಲ್ಲ.

ಮಾತು ಹವೆಗೆ ಹೋಯಿತು, ಕಾರ್ಖಾನೆಗೆ ಹೋಯಿತು, ಫೋಟೋ ಶಿಬಿರಕ್ಕೆ ಹೋದದ್ದಕ್ಕೆ ಹೋಯಿತು. ಆಮೇಲೆ ಅವನು ತಣ್ಣಗೆ, "ಅವತ್ತು ತುಂಬ ಗಲಾಟೆ ಇತ್ತು ಅಲ್ವಾ," ಎಂದ.

"ಹೂಂ ಅಣ್ಣ."

"ನಾನು ಹೇಳಿದ್ದು ನಿನಗೆ ಕೇಳಿಸ್ಲಿಲ್ಲ ಅನ್ಸುತ್ತೆ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕ ಹಾಗಾಯಿತು. ಎರಡು ತಿಂಗಳಿಂದ ನಾನು ಹುಡುಕುತ್ತಿದ್ದ ಸುಳ್ಳನ್ನು ಅವನೇ ಕೈಗಿಟ್ಟಿದ್ದ.

"ಇಲ್ಲಣ್ಣ, ಏನೋ ಹೇಳ್ದೆ ಅನ್ನಿಸ್ತು. ಆದ್ರೆ ಹೆಲ್ಮೆಟ್ ಒಳಗೆ ಒಂದಕ್ಷರಾನೂ ಕೇಳಿಸ್ಲಿಲ್ಲ. ಕೇಳಿಸಿದ್ರೆ ನಿನ್ನನ್ನ ಓಡಿಸ್ತಿದ್ನಾ?"

ಅವನು ನನ್ನನ್ನೇ ನೋಡಿದ.

"ಮತ್ತೆ ಬೇಡ ಅಂತ ತಲೆ ಯಾಕೆ ಅಲ್ಲಾಡಿಸ್ದೆ?"

ಅಡುಗೆಮನೆಯಲ್ಲಿ ಲೋಟಗಳ ಸದ್ದು. ಅವನು ಬೈಯಲಿಲ್ಲ, ಎದ್ದು ಹೋಗು ಎನ್ನಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹೇಳಿ ಮೆಟ್ಟಿಲಿಳಿಯುತ್ತಿದ್ದೆ. ಅವನು ಮಡಿಸಿದ ಟವೆಲ್ಲೊಂದನ್ನು ಮಂಡಿಯ ಕೆಳಗೆ ತುರುಕಿಕೊಂಡ. ಮಡಚದ ಕಾಲಿಗೆ ಈಗ ಉಳಿದಿರುವ ವ್ಯಾಯಾಮ ಅದೊಂದೇ, ತೊಡೆ ಬಿಗಿದು ಟವೆಲ್ಲನ್ನು ಒತ್ತಿ ಹಿಡಿಯುವುದು.

"ನಾಳೆಯಿಂದ ದಿನಾ ಬಾ," ಎಂದ. "ಎಣಿಸು."

ಅತ್ತಿಗೆ ಚಹಾ ತಂದು ನನ್ನ ಕೈಗೆ ಕೊಟ್ಟಳು. ತಟ್ಟೆಯಲ್ಲಿ ಬಿಸ್ಕತ್ತೂ ಇತ್ತು. ಅವನು ಹಲ್ಲು ಕಚ್ಚಿ ತೊಡೆ ಬಿಗಿದ. ಈ ಸಲ ಕುರ್ಚಿಯನ್ನು ಗಡಿಯಾರದ ಕಡೆಗೆ ಮುಖಮಾಡಿ ಹಾಕಿಕೊಂಡಿದ್ದ ಎಂಬುದನ್ನು ನಾನು ಆಗ ಗಮನಿಸಿದೆ.

"ನಿಧಾನಕ್ಕೆ ಎಣಿಸು," ಎಂದ.

ಸೆಕೆಂಡಿನ ಮುಳ್ಳು ಒಂದು ಮನೆ ಮುಂದಕ್ಕೆ ಹೋಗುವವರೆಗೆ ಕಾದು, ಒಂದು ಎಂದೆ.