ಇಲ್ಲದ ಗುಂಡಿ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯಲ್ಲಿ ಕೌಂಟರಕ್ಕ ಬಾಯಿ ತೆರೆದರೆ ಗಿರಾಕಿಗಳು ಬಾಯಿ ಮುಚ್ಚುತ್ತಿದ್ದ ಕಾಲವೊಂದಿತ್ತು. ಗಂಟಲಿನ ಗಡ್ಡೆ ತೆಗೆಸಿದಾಗ ದನಿಯೂ ಅದರ ಹಿಂದೆಯೇ ಹೊರಟುಹೋಯಿತು. ಕೆಲಸವಾದರೂ ಉಳಿಯಲೆಂದು ಒಂದು ಸಂಸ್ಥೆಯವರು ಅವಳಿಗೆ ಮಾತಾಡುವ ಡಬ್ಬಿಯೊಂದನ್ನು ಕೊಟ್ಟರು. ಗುಂಡಿ ಒತ್ತಿದರೆ ಅದರಲ್ಲಿ ತುಂಬಿಟ್ಟ ಮಾತು ಹೊರಬರುತ್ತದೆ.

ಡಬ್ಬಿ ಅವಳದು, ಮಾತು ತುಂಬಿಸಿದವರು ಮಾತ್ರ ಅಂಗಡಿಯ ಮಾಲೀಕರು. ಹೆಂಡತಿಯನ್ನು ಕರೆತಂದು ಕೂರಿಸಿ, ಜೇನಿನಲ್ಲಿ ಅದ್ದಿ ತೆಗೆದಂಥ ದನಿಯಲ್ಲಿ "ನಮಸ್ಕಾರಾ...", "ದಯವಿಟ್ಟು ಕಾಯಿರೀ...", "ತಪ್ಪಾಯಿತು, ಕ್ಷಮಿಸೀ..." ಎಂದೆಲ್ಲ ರೆಕಾರ್ಡು ಮಾಡಿಸಿದರು. 'ಇಲ್ಲ' ಅನ್ನೋಕೆ ನನಗೊಂದು ಗುಂಡಿ ಬೇಕು ಎಂದು ಅಕ್ಕ ಚೀಟಿ ಬರೆದು ಕೇಳಿದಳು.

"ಕೌಂಟರಲ್ಲಿ ಕೂತು ಇಲ್ಲ ಅಂದ್ರೆ ಗಿರಾಕಿ ಉಳೀತಾರೇನಮ್ಮ?"

ಯಾರದೋ ಅಂಗಿಯಿಂದ ಉದುರಿದ ಗುಂಡಿಯನ್ನು ಪುಕ್ಕಟೆ ಹೊಲಿದುಕೊಡುವ ಅಂಗಡಿ ಅದು!

ಮನೆಗೆ ಒಯ್ದರೆ ಹಾಳಾಗುತ್ತದೆಂದು ಸಂಜೆಯಾದರೆ ಮಾಲೀಕರು ಡಬ್ಬಿಯನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಜಡಿಯುತ್ತಿದ್ದರು. "ನಾಲಿಗೆಗೂ ಡ್ಯೂಟಿ ಟೈಮಾ ಅಕ್ಕಾ?" ಎಂದು ತಂಗಿ ಉರಿದುಬೀಳುತ್ತಿದ್ದಳು. "ಒಂದಿನ ಕದ್ದಾದ್ರೂ ತಾ, ಖಾರವಾಗಿ ನಾಲ್ಕು ಮಾತು ತುಂಬಿ ಕೊಡ್ತೀನಿ."

ಒಂದು ಬೆಳಿಗ್ಗೆ ವಕೀಲರೊಬ್ಬರು ತಮ್ಮ ಕರಿಕೋಟನ್ನು ಕೌಂಟರಿನ ಮೇಲೆ ಹರಡಿದರು. ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು, ಮೂತಿ ಸಮೇತ.

"ಇದನ್ನ ಹಾಕ್ಕೊಂಡು ಕೋರ್ಟಿಗೆ ಹೋದ್ರೆ ನನ್ನನ್ನೇ ಕಟಕಟೇಲಿ ನಿಲ್ಲಿಸ್ತಾರೆ ಕಣ್ರೀ!"

ಸುಟ್ಟವನು ಮಾಲೀಕರ ಬಾಮೈದ. ಕಿವಿಗೆ ಮೊಬೈಲನ್ನೂ ಕೋಟಿಗೆ ಇಸ್ತ್ರಿಯನ್ನೂ ಒಟ್ಟಿಗೆ ಒತ್ತಿಹಿಡಿದು ಹರಟುತ್ತಿದ್ದ. ಅಕ್ಕ ನೋಡಿದ್ದಳು. ಮಾಲೀಕರೂ ನೋಡಿದ್ದರು.

"ಇವಳದೇ ಕೆಲಸ ಸಾರ್," ಎಂದರು ಮಾಲೀಕರು.

ಅಕ್ಕ ಜೋರಾಗಿ ಅಡ್ಡಡ್ಡ ತಲೆಯಾಡಿಸಿದಳು.

"ನೋಡಿ, ಪಾಪ, ತುಂಬ ನೊಂದ್ಕೊಂಡಿದಾಳೆ."

ಅಕ್ಕ ಚೀಟಿ ಬರೆದಳು. ಅದು ವಕೀಲರ ಕೈ ಸೇರುವ ಮೊದಲೇ ಮಾಲೀಕರ ಜೇಬು ಸೇರಿತು. ಅಷ್ಟಕ್ಕೇ ಸುಮ್ಮನಾಗದೆ ಅವರು ಕೈ ಚಾಚಿ ಅವಳ ಡಬ್ಬಿಯ ಗುಂಡಿಯನ್ನು ತಾವೇ ಒತ್ತಿಬಿಟ್ಟರು.

"ತಪ್ಪಾಯಿತು, ಕ್ಷಮಿಸೀ..."

"ಕೇಳಿದ್ರಲ್ಲ ಸಾರ್? ಅವಳ ಬಾಯಿಂದಲೇ ಬಂತು. ನಾಳೆಯಿಂದ ಇವಳನ್ನ ಬಿಡಿಸಿಬಿಡ್ತೀನಿ."

ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ದನಿ ಹೋದಾಗ ಅವಳು ಅತ್ತಿದ್ದಳು. ಈಗ ತನ್ನ ಬಾಯಿಗೇ ಬೆರಳು ಹಾಕಿ ಸುಳ್ಳನ್ನು ಹೊರಗೆಳೆದವನ ಮುಂದೆ ಅಳು ಬರಲಿಲ್ಲ. ಡಬ್ಬಿಯನ್ನು ತನ್ನತ್ತ ಸೆಳೆದುಕೊಂಡು, ಇನ್ನೊಂದು ಚೀಟಿ ಗೀಚಿ ಮಾಲೀಕರ ಮೂಗಿನ ಕೆಳಗೆ ಹಿಡಿದಳು: 'ನನಗೂ ಮಾತಾಡೋಕೆ ಬಿಡ್ತೀರಾ?'

ಎಡಗೈ ಡಬ್ಬಿಯ ಮೇಲಿತ್ತು. ಬದಿಯ ಕೆಂಪು ಗುಂಡಿಯ ಜೊತೆ ಯಾವ ಗುಂಡಿಯನ್ನು ಒತ್ತಿಹಿಡಿದರೂ ಅದರ ಹಳೆಯ ಮಾತು ಅಳಿದು, ಎದುರಿಗಾಡಿದ ಮಾತು ಒಳಗೆ ಕೂರುತ್ತದೆ. ಅಕ್ಕ ಕ್ಷಮೆಯ ಗುಂಡಿಯನ್ನು ಆರಿಸಿಕೊಂಡಿದ್ದಳು.

"ಇಲ್ಲ! ಇಲ್ಲ ಅಂದ್ರೆ ಇಲ್ಲ!" ಮಾಲೀಕರು ಗುಡುಗಿದರು.

ವಕೀಲರ ಹುಬ್ಬು ಮೇಲೇರಿತು. ಅವರು ಅಕ್ಕನ ಕಡೆಗೇ ತಿರುಗಿದರು. "ನೀವು ಹೇಳಿ ತಾಯಿ, ಕೋಟು ಸುಟ್ಟಿದ್ದು ನೀವೇನಾ?"

ಅಕ್ಕ ಗುಂಡಿ ಒತ್ತಿದಳು.

"ಇಲ್ಲ! ಇಲ್ಲ ಅಂದ್ರೆ ಇಲ್ಲ!"

ಅದೇ ಗುಡುಗು, ಅದೇ ಗತ್ತು. ಜೇನು ಹನಿಯಷ್ಟೂ ಇರಲಿಲ್ಲ.

"ಭಲೇ ಮಾಲೀಕರೇ, ಆರೋಪವೂ ನಿಮ್ಮದೇ, ಖುಲಾಸೆಯೂ ನಿಮ್ಮದೇ!" ವಕೀಲರು ನಕ್ಕು, ಮರುಕ್ಷಣ ಮುಖ ಬಿಗಿದರು. "ಹಾಗಾದ್ರೆ ಯಾರು?"

ಅಕ್ಕ ಹಿಂಬದಿಯ ಪರದೆಯತ್ತ ಬೆರಳು ತೋರಿದಳು. ಅದರ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ ಬಾಮೈದ ತಾನಾಗಿಯೇ ಹೊರಬಂದ. "ಭಾವಾ, ಬೇಕಂತ ಸುಡಲಿಲ್ಲ, ಫೋನು ಬಂತು, ಒಂದೇ ನಿಮಿಷ..."

"ಬಾಯ್ಮುಚ್ಚೋ!" ಎಂದ ಮಾಲೀಕರು ಅಕ್ಕನ ಮೇಲೆ ಹರಿಹಾಯ್ದರು. "ನನ್ನ ದನಿ ಅದರಲ್ಲಿ ಹಾಕ್ದೆಯಾ? ಯಾರನ್ನ ಕೇಳಿ ಹಾಕ್ದೆ?"

ಎಷ್ಟೋ ದಿನಗಳಿಂದ ಅಕ್ಕ ಅವರನ್ನು ಕೇಳಬೇಕೆಂದಿದ್ದ ಪ್ರಶ್ನೆ ಅದು. ನಮಸ್ಕಾರದ ಗುಂಡಿಯನ್ನೂ ಕೆಂಪು ಗುಂಡಿಯನ್ನೂ ಒತ್ತಿಹಿಡಿದು, ಅವರು ಇನ್ನೊಮ್ಮೆ ಕೂಗಲೆಂದು ಕಾದಳು.