ಸಂಜೆಯಾದರೆ ತೊದಲುವ ಮೈಕು

ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಸಾರುವ ಟೇಪುವಿನ ಭಾವನ ದನಿ ಬೆಳಿಗ್ಗೆ ಗಂಟೆ ಹೊಡೆದಂತೆ ಮೊಳಗುತ್ತಿತ್ತು. ಸಂಜೆಯಾದರೆ ಅದೇ ದನಿ ಮೂಗಿಗೇರಿ ತೊದಲುತ್ತಿತ್ತು.

"ಒಳಗೆ ಬಾಟ್ಲಿ ಇಟ್ಕೊಂಡೇ ಕೂತಿರ್ತಾನೆ" ಎಂದು ಪ್ರಯಾಣಿಕರು ನಗುತ್ತಿದ್ದರು. "ಇನ್ನೊಂದು ದೂರು ಬಂದ್ರೆ ಮೈಕ್ ಕಿತ್ಕೋತೀನಿ" ಎಂದು ಮೇಲಧಿಕಾರಿ ಗದರಿದ್ದರು.

ಟೇಪುವಿನ ಅಕ್ಕ ದಿನವೂ ಗಂಡನ ಬಾಯಿ ಮೂಸುತ್ತಿದ್ದಳು. ವಾಸನೆ ಇರುತ್ತಿರಲಿಲ್ಲ. "ಏಲಕ್ಕಿ ಅಗಿದು ಬಂದಿರ್ತೀರಿ. ಊರಿಗೆಲ್ಲಾ ಮೈಕಲ್ಲೇ ಸಾರಿದ್ದಾಯ್ತು, ಇನ್ನು ನನ್ನ ಮುಂದೆ ನಾಟಕ ಬೇರೆ!"

ಅವಳ ತಮ್ಮ ಮೊಬೈಲ್ ರಿಪೇರಿ ಮಾಡುವವನು. ಯಾರ ದನಿಯನ್ನಾದರೂ ಹಾಗೇ ಇಳಿಸುತ್ತಿದ್ದುದರಿಂದ ಅವನಿಗೆ 'ಟೇಪು' ಎಂದೇ ಹೆಸರು. ಭಾವ ಕುಡುಕನೆಂಬ ಸುದ್ದಿ ಸಿಕ್ಕಿ, ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತಾಯಿತು. ಒಂದು ದಿನ ನಿಲ್ದಾಣದ ಟೀ ಅಂಗಡಿಯಲ್ಲಿ ಎದ್ದು ನಿಂತ.

"ಪ್ರಯಾಣಿಕರ ಗಮನಕ್ಕೆ! ಇಂಟರ್ವಲ್‌ಗೆ ಮುಂಚೆ ನಮ್ಮ ಭಾವ ಹೀರೋ. ಆಮೇಲೆ ನೋಡಿ..." ಎಡರೆಪ್ಪೆ ಇಳಿಬಿಟ್ಟು, ತಲೆ ವಾಲಿಸಿ ತೊದಲಿದ. ಅಂಗಡಿ ಬಿದ್ದು ಬಿದ್ದು ನಕ್ಕಿತು.

ಬಸ್ಸಿಗೆ ಕಾಯುತ್ತಿದ್ದ ಆಸ್ಪತ್ರೆಯ ಸಿಸ್ಟರ್ ಒಬ್ಬರೇ ನಗಲಿಲ್ಲ. "ಒಂದೇ ಕಣ್ಣು ಯಾಕಪ್ಪಾ ಮುಚ್ಚಿದೆ?"

"ಆ ಕಡೆ ಶಟರ್ ಮೊದ್ಲು ಇಳಿಯುತ್ತೆ ಸಿಸ್ಟರ್!"

"ಊಟ ಮಾಡೋದು ತೋರ್ಸು."

ಟೇಪು ಗಲ್ಲದ ಕೆಳಗೆ ಮುಷ್ಟಿ ಕೊಟ್ಟು, ದವಡೆ ಎತ್ತಿಹಿಡಿದು ಅಗಿದ. ಮತ್ತೆ ನಗೆ.

"ಮಲಗಿ ಎದ್ರೆ?"

"ಫುಲ್ ಚಾರ್ಜ್..."

"ಕುಡಿದವನಿಗೆ ದವಡೆ ಹಿಡ್ಕೊಂಡು ಅಗಿಯೋ ಕರ್ಮ ಯಾಕೋ?"

ಟೇಪುವಿನ ನಗು ಬಾಯಲ್ಲೇ ಒಣಗಿತು. ಎಲ್ಲವನ್ನೂ ಅಷ್ಟು ಸರಿಯಾಗಿ ನೋಡಿದ್ದ, ಏನನ್ನೂ ಕಂಡಿರಲಿಲ್ಲ. ತಿರುಗಿದರೆ ಬಾಗಿಲಲ್ಲಿ ಭಾವ ನಿಂತಿದ್ದ.

ಸಿಸ್ಟರ್ ಅಂದೇ ಭಾವನ ಮನೆಗೆ ಬಂದರು. "ಇದು ಮಯಸ್ತೇನಿಯಾ ಅನ್ನೋ ಕಾಯಿಲೆ ಇರಬಹುದು. ಮೈ ಕಾಯೋ ಸೈನ್ಯಾನೇ ನಮ್ಮ ಮೇಲೆ ತಿರುಗಿಬೀಳುತ್ತೆ. ನರದ ಮಾತು ಸ್ನಾಯುಗೆ ಮುಟ್ಟಲ್ಲ. ದುಡಿದಷ್ಟೂ ಸ್ನಾಯು ಸೋಲುತ್ತೆ, ವಿಶ್ರಾಂತಿ ಸಿಕ್ಕಿದ್ರೆ ಚೇತರಿಸ್ಕೊಳ್ಳುತ್ತೆ."

"ಕುಡುಕರಿಗೂ ಈಗ ದೊಡ್ಡ ದೊಡ್ಡ ಹೆಸರು ಬಂದಿದೆಯಾ?" ಎಂದಳು ಅಕ್ಕ. ಆದರೂ ಬೆಳಿಗ್ಗೆ ಗಂಡ, ತಮ್ಮನ ಜೊತೆ ಆಸ್ಪತ್ರೆಗೆ ಹೊರಟಳು.

ಆಸ್ಪತ್ರೆಯಲ್ಲಿ ಭಾವನ ಮಾತು ಗಂಟೆಯಂತಿತ್ತು, ರೆಪ್ಪೆ ನೆಟ್ಟಗಿತ್ತು. "ಚೆನ್ನಾಗೇ ಇದ್ದೀರಲ್ಲ?" ಎಂದರು ಡಾಕ್ಟರು.

ಭಾವ ಮೆಲ್ಲಗೆ ಹೇಳಿದ, "ಟೇಪು, ಸಂಜೆದು ಮಾಡಿ ತೋರ್ಸೋ."

ಟೇಪು ಎದ್ದು ನಿಂತ. ರೆಪ್ಪೆ ಇಳಿಬಿಟ್ಟ, ಗಲ್ಲಕ್ಕೆ ಮುಷ್ಟಿ ಕೊಟ್ಟ, ತೊದಲಿದ. ಈ ಸಲ ಯಾರೂ ನಗಲಿಲ್ಲ. ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು ಅವನಿಗೆ. ಅಕ್ಕ ಗಂಡನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು.

ಡಾಕ್ಟರು ಭಾವನಿಗೆ ಮೇಲೆ ನೋಡುತ್ತಲೇ ಇರಲು ಹೇಳಿದರು. ಸ್ವಲ್ಪ ಹೊತ್ತಿಗೆ ಎಡರೆಪ್ಪೆ ತಾನಾಗಿ ಜಾರಿತು. ರಕ್ತ ಪರೀಕ್ಷೆ ಮಯಸ್ತೇನಿಯಾ ಎಂದೇ ಹೇಳಿತು, ಎದೆಯ ಸ್ಕ್ಯಾನೂ ಆಯಿತು. ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತು.

"ಇದು ಥೈಮೋಮ, ಅಪರೂಪದ ಕ್ಯಾನ್ಸರ್" ಎಂದರು ಡಾಕ್ಟರು. "ಮಯಸ್ತೇನಿಯಾ ಇರೋ ಎಲ್ಲರಿಗೂ ಇದು ಇರಲ್ಲ, ಕೆಲವರಿಗೆ ಮಾತ್ರ. ಮೈ ಕಾಯೋ ಸೈನ್ಯಕ್ಕೆ ಪಾಠ ಹೇಳೋ ಶಾಲೆ ಈ ಗ್ರಂಥಿ. ಶಾಲೆ ಕೆಟ್ರೆ ಸೈನಿಕರಿಗೆ ನಮ್ಮವರು ಯಾರು ಅಂತ ಗೊತ್ತಾಗಲ್ವೇನೋ. ನಂಟು ಪೂರ್ತಿ ಇನ್ನೂ ತಿಳಿದಿಲ್ಲ. ಆದ್ರೆ ಮಯಸ್ತೇನಿಯಾ ಇರೋರು ಎದೆ ಸ್ಕ್ಯಾನ್ ತಪ್ಪಿಸಬಾರ್ದು."

ಆಪರೇಷನ್ ಆಯಿತು. ಮಾತ್ರೆ ಇನ್ನೂ ಇದೆ. ಭಾವ ಮೈಕಿಗೆ ಮರಳಿದ್ದಾನೆ. ಒಂದು ಸಂಜೆ ಕೊನೆಯ ಬಸ್ಸಿನ ಹೊತ್ತಿಗೆ ಅವನ ನಾಲಿಗೆ ಚೂರು ತೊಡರಿತು. ಟೀ ಅಂಗಡಿಯಲ್ಲಿ ಟೇಪುವಿನ ಪಕ್ಕ ಕೂತವನು ಕಿಸಕ್ಕೆಂದ, "ಇಳೀತು ನೋಡು ಒಳಗೆ!"

ಮಾತಿಗೊಂದು ಡೈಲಾಗ್ ಹೊಡೆಯುವ ಟೇಪು ತಲೆ ತಗ್ಗಿಸಿ ಇಷ್ಟೇ ಹೇಳಿದ: "ಅವರು ನಮ್ಮ ಭಾವ. ಕುಡಿಯಲ್ಲ. ಕಾಯಿಲೆ. ನಾನೂ ನಕ್ಕಿದ್ದೆ."

ನಿಮ್ಮ ಮನೆಯಲ್ಲೂ ಯಾರದಾದರೂ ರೆಪ್ಪೆ ಜೋತುಬಿದ್ದರೆ, ಸಂಜೆಗೆ ಮಾತು ತೊದಲಿದರೆ, ಅಗಿಯಲು ಸುಸ್ತಾದರೆ ಬಾಯಿ ಮೂಸಬೇಡಿ, ಡಾಕ್ಟರ ಬಳಿ ಕರೆದೊಯ್ಯಿರಿ. ಬೆಳಿಗ್ಗೆ ಸರಿಯಿರುತ್ತಾರೆಂದರೆ ಸಂಜೆಯದನ್ನು ಫೋನಿನಲ್ಲಿ ಹಿಡಿದು ತೋರಿಸಿ. ಮಾತು ತಟ್ಟನೆ ತೊದಲಿದರೆ, ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ನಗುವುದಿದ್ದರೆ ಆಮೇಲೆ ಅವರ ಜೊತೆಗೇ ಕೂತು ನಗೋಣ.