ಮಾವ ಊಟ ಬಿಟ್ಟಿದ್ದು

ನುಂಗಲಿಲ್ಲ.

ಮೊಲವನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ತಲೆ ಹಿಡಿದು, ಸೂಜಿಯಿಲ್ಲದ ಸಿರಿಂಜನ್ನು ಹಲ್ಲಿನ ಪಕ್ಕದ ಸಂದಿಗೆ ತೂರಿಸಿ ಒತ್ತಿದ್ದ. ಹಸಿರು ಗಂಜಿ ಒಳಗೇನೋ ಹೋಯಿತು. ಹೋದಷ್ಟೇ ನಿಧಾನವಾಗಿ ಇನ್ನೊಂದು ಬದಿಯಿಂದ ಹೊರಬಂದು, ಗದ್ದದ ರೋಮದಲ್ಲಿಳಿದು, ಇಸ್ತ್ರಿ ಮಾಡಿದ ಅವನ ಪ್ಯಾಂಟಿನ ಮೇಲೆ ಬಿತ್ತು. ಮೊಲ ಅವನ ಕಡೆ ನೋಡಲೂ ಇಲ್ಲ. ಕಣ್ಣು ಎರಡು ಪಕ್ಕಕ್ಕಿರುವ ಪ್ರಾಣಿ ಯಾರ ಕಡೆ ನೋಡುತ್ತಿದೆ ಎಂದು ಹೇಳುವುದೂ ಕಷ್ಟ.

"ನುಂಗು," ಎಂದ. ಸ್ವಂತ ದನಿ ಆಫೀಸಿನ ದನಿಯಂತೆ ಕೇಳಿಸಿ ನಾಚಿಕೆಯಾಯಿತು. "ನುಂಗಪ್ಪ," ಎಂದು ತಿದ್ದಿಕೊಂಡ. ಮೊಲಕ್ಕೆ ಎರಡೂ ಒಂದೇ.

ನಿನ್ನೆ ಬೆಳಗಿನಿಂದ ಅದು ಏನೂ ತಿಂದಿರಲಿಲ್ಲ. ಪಂಜರದಲ್ಲಿ ಹುಲ್ಲು ಇಟ್ಟಂತೆಯೇ ಇತ್ತು. ಹಿಕ್ಕೆ ಹಾಕಿರಲಿಲ್ಲ. ಸಂಜೆ ಪಶುವೈದ್ಯೆಯ ಬಳಿ ಒಯ್ದಾಗ ಆಕೆ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಒಳಗೆ ಏನೂ ಓಡಾಡ್ತಿಲ್ಲ. ಮೊಲದ ಹೊಟ್ಟೆ ನಿಂತ್ರೆ ಮೊಲ ನಿಂತ ಹಾಗೆ. ಗಂಜಿ ತಿನ್ನಿಸ್ತಾ ಇರಿ. ನೋವಿದೆ ಅನ್ನಿಸಿದ್ರೆ ಈ ಔಷಧಿ ಹಾಕಿ. ನಾಳೆ ಸಂಜೆ ಹೊತ್ತಿಗೆ ತಾನಾಗಿ ಒಂದೆಲೆ ತಿಂದ್ರೂ ಗೆದ್ದ ಹಾಗೆ."

"ನೋವಿದೆ ಅಂತ ಹೇಗೆ ಗೊತ್ತಾಗತ್ತೆ?"

"ಮನೆಯವರಿಗೆ ಗೊತ್ತಾಗತ್ತೆ," ಎಂದು ಆಕೆ ಕೈ ತೊಳೆಯಲು ಎದ್ದರು.

ಮನೆಯವರು. ಮನೆಯಲ್ಲಿ ಇದ್ದದ್ದು ಅವನೊಬ್ಬ.

ಮೊಲ ಅವನದಲ್ಲ, ಮಗಳದು. ಮಗಳು ತಾಯಿಯ ಜೊತೆ ಇದ್ದಾಳೆ. ಆ ಕಟ್ಟಡದಲ್ಲಿ ಪ್ರಾಣಿ ಸಾಕುವಂತಿಲ್ಲ. ಹಾಗಾಗಿ ಗಂಡಹೆಂಡಿರು ಬೇರೆಯಾದಾಗ ಸೋಫಾ, ಕಪಾಟು, ಪರದೆಗಳೆಲ್ಲ ಆ ಕಡೆಗೆ ಹೋಗಿ, ಮೊಲ ಇವನ ಪಾಲಿಗೆ ಬಂತು. "ನೀನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು," ಎಂದು ಹೆಂಡತಿ ಪ್ರತಿ ಜಗಳದಲ್ಲೂ ಅನ್ನುತ್ತಿದ್ದಳು. ನಿಜವಾದ ಮೊಲವೊಂದು ಕೈಗೆ ಬಂದ ದಿನ ಅವನು ಎಣಿಸಿ ನೋಡಿದ್ದ. ನಾಲ್ಕಿದ್ದವು. ಹೇಳೋಣವೆಂದರೆ ಅವಳಿರಲಿಲ್ಲ.

ಮಗಳು ಅದಕ್ಕಿಟ್ಟ ಹೆಸರು ಮಾವ. ಅವಳ ಸೋದರಮಾವನಿಗೂ ಮುಂದಿನ ಎರಡು ಹಲ್ಲು ಉದ್ದ. ಹೆಸರು ಕೇಳಿ ಆ ಮನುಷ್ಯ ಅದೇ ಹಲ್ಲು ತೋರಿಸಿ ನಕ್ಕಿದ್ದ. ಇವನು ಮಾತ್ರ ಮೊಲವನ್ನು ಹಾಗೆ ಕರೆಯಲೇ ಇಲ್ಲ. ಅವನ ಬಾಯಲ್ಲಿ ಅದು 'ಅದು'.

ಪ್ರತಿ ಶನಿವಾರ ಸಂಜೆ ಮಗಳು ಬರುತ್ತಾಳೆ. ಚೀಲ ಎಸೆದು ನೇರ ಪಂಜರದ ಮುಂದೆ ಕೂರುತ್ತಾಳೆ. "ಸ್ಕೂಲ್ ಹೇಗಿತ್ತು?" ಎಂದರೆ "ಹೂಂ." ಆಮೇಲೆ ವಾರದಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಮೊಲಕ್ಕೆ ಹೇಳುತ್ತಾಳೆ. ಯಾವ ಗೆಳತಿ ಮಾತು ಬಿಟ್ಟಳು, ಗಣಿತದ ಮೇಡಂ ಏನಂದರು, ಅಮ್ಮ ಫೋನಿನಲ್ಲಿ ಯಾಕೆ ಅತ್ತಳು. ಅವನು ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು, ಪುಟ ತಿರುವದೆ, ಕೇಳಿಸಿಕೊಳ್ಳುತ್ತಾನೆ. ಮಗಳ ಬಗ್ಗೆ ಅವನಿಗೆ ಗೊತ್ತಿರುವುದೆಲ್ಲ ಹೀಗೆ ಗೊತ್ತಾದದ್ದು.

ಮೊಲ ಹೋದರೆ ಅವಳು ಯಾಕೆ ಬರಬೇಕು?

ನಿನ್ನೆ ವೈದ್ಯೆಯ ಮೇಜಿನ ಮುಂದೆ ಮೊದಲು ಬಂದದ್ದು ಈ ಯೋಚನೆ. ಅಯ್ಯೋ ಪಾಪ ಎನ್ನುವುದು ಅದರ ಹಿಂದೆ, ಕ್ಯೂನಲ್ಲಿ ನಿಂತಂತೆ ಬಂತು. ಅದು ನೆನಪಾದಾಗೆಲ್ಲ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಗುತ್ತಿತ್ತು.

ಫೋನು ಬಂತು. ಹೆಂಡತಿ. ಈಗ ಹೆಂಡತಿಯಲ್ಲ, ಆದರೆ ಬೇರೆ ಪದ ಸಿಗದೆ ಮನಸ್ಸಿನಲ್ಲಿ ಹಾಗೇ ಉಳಿದಿದ್ದಳು.

"ಇವತ್ತು ಸ್ವಲ್ಪ ಬೇಗ ಬಿಡ್ತೀನಿ ಅವಳನ್ನ."

"ನನ್ನ ಕ್ಲಿನಿಕ್ಕಿಗೇ ಕರ್ಕೊಂಡು ಬಾ."

"ಯಾಕೆ?"

"ಕೆಲಸ ಇದೆ, ತಡ ಆಗತ್ತೆ."

"ಮತ್ತೇನಾದ್ರೂ?"

"ಮತ್ತೇನಿಲ್ಲ."

ಪ್ಯಾಂಟು ಬದಲಿಸಿ, ಮೊಲವನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು, ಸಿರಿಂಜು, ಗಂಜಿಯ ಪುಡಿ, ಔಷಧಿಯ ಸೀಸೆ ಎಲ್ಲ ತೆಗೆದುಕೊಂಡು ಹೊರಟ.

ಅವನ ಕೆಲಸ ಜನರ ಕಿವಿ ಪರೀಕ್ಷಿಸುವುದು. ಕ್ಲಿನಿಕ್ಕಿನ ಹಿಂಬದಿಯಲ್ಲಿ ಸದ್ದು ಹೊಗದ ಒಂದು ಸಣ್ಣ ಕೋಣೆ. ದಪ್ಪ ಗೋಡೆ, ದಪ್ಪ ಬಾಗಿಲು, ಒಂದು ಗಾಜಿನ ಕಿಟಕಿ, ಒಂದು ಕುರ್ಚಿ. ಎಲ್ಲರೂ ಅದನ್ನು ಡಬ್ಬಿ ಅನ್ನುತ್ತಾರೆ. ಬಂದವರು ಡಬ್ಬಿಯೊಳಗೆ ಕೂರಬೇಕು. ಅವನು ಹೊರಗೆ ಯಂತ್ರದ ಮುಂದೆ ಕೂತು ಅವರ ಕಿವಿಗೆ ಒಂದೊಂದೇ ಸದ್ದು ಕಳಿಸುತ್ತಾನೆ. ಕೇಳಿಸಿದರೆ ಅವರು ಬೆರಳೆತ್ತಬೇಕು. ಒಳಗಿನವರ ಮಾತು ತನಗೆ ಕೇಳಲೆಂದು ಡಬ್ಬಿಯಲ್ಲೊಂದು ಮೈಕು, ಅವನ ತಲೆಯ ಮೇಲೊಂದು ಹೆಡ್‌ಫೋನು.

"ಬುಟ್ಟೀಲೇನು ಸಾರ್?" ಎಂದು ರಿಸೆಪ್ಷನ್ನಿನ ಅಕ್ಕ ಕೇಳಿದಳು.

"ಮೊಲ. ಹುಷಾರಿಲ್ಲ."

"ಕಿವೀನಾ? ಅಷ್ಟುದ್ದ ಕಿವಿ ಇಟ್ಕೊಂಡು ಅದಕ್ಕೇ ಕೇಳಿಸಲ್ಲ ಅಂದ್ರೆ ನಮ್ಮಂಥೋರ ಗತಿ ಏನು?"

ಅವನು ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಫೋನಿಗೆ ತಿರುಗಿದ್ದಳು.

ಬೆಳಗಿನ ಸರದಿಯಲ್ಲಿ ಒಬ್ಬ ಮುದುಕ ಬಂದ. ಸೊಸೆ ಕರೆತಂದಿದ್ದಳು. ಮುದುಕ ಕುರ್ಚಿಯಲ್ಲಿ ನೆಟ್ಟಗೆ ಕೂತು, ಅವನು ಸದ್ದು ಕಳಿಸಿದಾಗಲೂ ಕಳಿಸದಾಗಲೂ ಗಂಭೀರವಾಗಿ ಬೆರಳೆತ್ತುತ್ತಿದ್ದ.

ಅವನು ಬಾಗಿಲು ತೆರೆದು, ಕಿವಿಯ ಹತ್ತಿರ ಬಗ್ಗಿ, "ತಾತ, ಸದ್ದೇ ಕಳಿಸಿರ್ಲಿಲ್ವಲ್ಲ," ಎಂದ.

"ಇನ್ನೇನು ಕಳಿಸ್ತೀರ ಅಂತ ಗೊತ್ತಿತ್ತು," ಎಂದ ಮುದುಕ. ಆಮೇಲೆ ಮೆಲ್ಲಗೆ, "ಸೊಸೆಗೆ ಏನೂ ಹೇಳ್ಬೇಡಿ," ಎಂದು ಸೇರಿಸಿದ.

ಮೇಜಿನ ಕೆಳಗೆ ಬುಟ್ಟಿಯಲ್ಲಿ ಮೊಲ ಕಲ್ಲಿನಂತೆ ಕೂತಿತ್ತು. ಇಬ್ಬರು ರೋಗಿಗಳ ನಡುವೆ ಅವನು ಬಗ್ಗಿ ಬಗ್ಗಿ ನೋಡುತ್ತಿದ್ದ. ಹೊರಗೆ ಮಕ್ಕಳು ಕಿರುಚಿದಾಗೆಲ್ಲ ಅದರ ಬೆನ್ನಿನ ಚರ್ಮ ಅದುರುತ್ತಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಅವನಿಗೆ ಊಟ ಬೇಕೆನಿಸಲಿಲ್ಲ. ಗಲಾಟೆಯಿಲ್ಲದ ಜಾಗದಲ್ಲಾದರೂ ಇರಲಿ ಎಂದು ಮೊಲವನ್ನು ಡಬ್ಬಿಯೊಳಗೆ ಟವೆಲಿನ ಮೇಲೆ ಬಿಟ್ಟು, ಮುಂದೆ ಹುಲ್ಲಿಟ್ಟು, ಬಾಗಿಲು ಹಾಕಿ, ಹೊರಗೆ ತನ್ನ ಜಾಗದಲ್ಲಿ ಕೂತ. ಕೈ ತಾನಾಗಿ ಹೆಡ್‌ಫೋನಿನ ಕಡೆ ಹೋಯಿತು. ಮೈಕು ಹಾಕಿದ. ಏನೂ ಇಲ್ಲ. ಸದ್ದೇರಿಸುವ ಗುಂಡಿ ತಿರುಗಿಸಿದ. ಏನೂ ಇಲ್ಲ. ಇನ್ನು ತಿರುಗದಷ್ಟು ತಿರುಗಿಸಿದ.

ಆಗ ಕೇಳಿಸಿತು. ಕರಕರ, ಕರಕರ. ಸಣ್ಣದೊಂದು ಗಿರಣಿ ಒಳಗೆಲ್ಲೋ ತಿರುಗುತ್ತಿರುವ ಸದ್ದು. ಗಾಜಿನಾಚೆ ನೋಡಿದ. ಮೊಲ ಅಲುಗದೆ ಕೂತು ಹಲ್ಲಿಗೆ ಹಲ್ಲು ಉಜ್ಜುತ್ತಿತ್ತು. ಮೊಲಕ್ಕೆ ಸಂತೋಷವಾದರೆ ಹಲ್ಲು ಉಜ್ಜುತ್ತದೆ, ಬೆಕ್ಕು ಗುರುಗುಟ್ಟುವ ಹಾಗೆ, ಎಂದು ಎಲ್ಲೋ ಓದಿದ್ದ.

ಅವನ ಎದೆ ತುಂಬಿ ಬಂತು. ಬಹಳ ದಿನಗಳ ಮೇಲೆ ಅವನಿಗೆ ಸುಮ್ಮನೆ, ಯಾವ ಟಿಪ್ಪಣಿಯೂ ಇಲ್ಲದೆ, ಸಂತೋಷವಾಯಿತು. ಔಷಧಿಯ ಸೀಸೆಯನ್ನು ಮೇಜಿನ ಅಂಚಿಗೆ ಸರಿಸಿ ಮಗಳಿಗೆ ಫೋನು ಮಾಡಿದ. ಅವಳಿಗೆ ಹೇಳಲು ಅವನ ಬಳಿ ಸುದ್ದಿಯೆಂಬುದು ಇದ್ದದ್ದು ಇದೇ ಮೊದಲು.

"ಏನಪ್ಪಾ?" ದನಿಯಲ್ಲಿ ಸಂಶಯವಿತ್ತು.

"ಏನಿಲ್ಲ. ನಿನ್ನ ಮೊಲಕ್ಕೆ ಸ್ವಲ್ಪ ಹುಷಾರಿರ್ಲಿಲ್ಲ. ಈಗ ಪರವಾಗಿಲ್ಲ. ಖುಷಿಯಾಗಿದೆ."

"ಏನಾಗಿತ್ತು?"

"ಊಟ ಬಿಟ್ಟಿತ್ತು."

"ಯಾವಾಗಿಂದ?"

"ನಿನ್ನೆಯಿಂದ. ಈಗ ಹಲ್ಲು ಉಜ್ತಾ ಕೂತಿದೆ. ನಾನೇ ಕೇಳಿಸ್ಕೊಂಡೆ."

ಆ ಕಡೆ ಕುರ್ಚಿ ಸರಿದ ಸದ್ದು.

"ಜೋರಾಗಾ, ಮೆಲ್ಲಗಾ?"

"ಅಂದ್ರೆ?"

"ಮೆಲ್ಲಗೆ ಉಜ್ಜಿದ್ರೆ ಖುಷಿ. ಜೋರಾಗಿ ಕಡಿದ್ರೆ ನೋವು. ಅಪ್ಪಾ, ಜೋರಾಗಾ ಮೆಲ್ಲಗಾ?"

ಅವನು ಗುಂಡಿಯನ್ನು ನೋಡಿದ. ಅದು ತುದಿ ಮುಟ್ಟಿತ್ತು. ಅಷ್ಟು ಏರಿಸಿದರೆ ಇರುವೆ ನಡೆದರೂ ಆನೆ ನಡೆದಂತೆ. ಸದ್ದನ್ನು ಅಳೆದು ಅಳೆದು ತಲೆ ನರೆತ ಮನುಷ್ಯ ಅವನು. ಈ ಒಂದು ಸದ್ದನ್ನು ಅಳೆಯದೆ ಕೇಳಿದ್ದ.

"ಮೆಲ್ಲಗೆ," ಎಂದ.

"ನಿಜವಾಗ್ಲೂ?"

"ನನ್ನ ಕೆಲಸಾನೇ ಅದಲ್ವೇನಮ್ಮ?"

ಫೋನಿಟ್ಟ ಮೇಲೆ ಗುಂಡಿ ಇಳಿಸಿದ. ಏನೂ ಕೇಳಿಸಲಿಲ್ಲ. ಏರಿಸಿದ. ಗಿರಣಿ. ಮಧ್ಯಕ್ಕೆ ತಂದ. ಇದೆಯೋ ಇಲ್ಲವೋ. ಹೆಡ್‌ಫೋನು ಕಿತ್ತಿಟ್ಟು ಬಾಗಿಲು ತೆರೆದು ಒಳಗೆ ಹೋಗಿ, ನೆಲದ ಮೇಲೆ ಮೊಲದ ಪಕ್ಕದಲ್ಲಿ ಕೂತು ಬಾಗಿಲೆಳೆದುಕೊಂಡ. ಬರಿ ಕಿವಿಯಲ್ಲಿ ಕೇಳೋಣವೆಂದು ಉಸಿರು ಹಿಡಿದ.

ಅವನು ಬಂದೊಡನೆ ಮೊಲ ನಿಲ್ಲಿಸಿಬಿಟ್ಟಿತ್ತು.

ಕಾದ. ಡಬ್ಬಿಯೊಳಗೆ ಅವನು ಇಷ್ಟು ಹೊತ್ತು ಎಂದೂ ಕೂತಿರಲಿಲ್ಲ. ಕಿವಿಯಲ್ಲಿ ರಕ್ತ ಹರಿಯುವುದು ಕೇಳಿಸಿತು, ಕಾಲರು ಕತ್ತಿಗೆ ಉಜ್ಜುವುದು ಕೇಳಿಸಿತು, ಹೊಟ್ಟೆಯಲ್ಲಿ ಏನೋ ಗುಡುಗುಡು ಎಂದಿತು. ಅದರದ್ದಿರಬಹುದೇ ಎಂದು ಆಸೆಯಿಂದ ಬಗ್ಗಿದ. ತನ್ನದೇ. ಮೊಲ ಮೂಗನ್ನೂ ಆಡಿಸದೆ, ಎಲ್ಲ ಸರಿಯಾಗಿದೆ ಎಂಬಂತೆ ಕೂತಿತ್ತು. ನೋಡುವವರಿದ್ದರೆ ಅದು ನೋವು ತೋರಿಸುವುದಿಲ್ಲ. ಹಾಗೆ ತೋರಿಸಿದ ಮೊಲಗಳನ್ನೆಲ್ಲ ಹಿಂದೆಯೇ ಯಾವುದೋ ನರಿ ತಿಂದು ಮುಗಿಸಿದೆ.

'ನನ್ನ ಹತ್ತಿರವೂ ಹಾಗೇಕೆ?' ಎಂದು ಅವನಿಗೆ ದುಃಖವಾಯಿತು. ಇದೇ ಮಾತನ್ನು ಒಮ್ಮೆ ಹೆಂಡತಿ ಅವನಿಗೆ ಹೇಳಿದ್ದಳು. ಅವನು ಆಗ ಊಟದ ತಟ್ಟೆ ತೊಳೆಯುತ್ತಿದ್ದ. ನಲ್ಲಿಯ ಸದ್ದಿನಲ್ಲಿ ಕೇಳಿಸದವನಂತೆ ಇದ್ದುಬಿಟ್ಟಿದ್ದ.

ಎದ್ದು ಹೊರಬಂದು ಔಷಧಿಯ ಸೀಸೆ ಕೈಗೆತ್ತಿಕೊಂಡ. ಹಾಕಿದರೆ ನೋವಿದೆ ಎಂದು ಒಪ್ಪಿದಂತೆ. ಮೆಲ್ಲಗೆ ಎಂದು ಹೇಳಿಯಾಗಿದೆ. ಸಣ್ಣ ಮಾತು, ಆದರೂ ಬಾಯಿಂದ ಹೊರಟದ್ದು. ಹಾಕಿದರೆ ನಷ್ಟವೇನು ಎಂದೂ ಅನ್ನಿಸಿತು. ಹೀಗೆ ಹಿಂದೆಮುಂದೆ ನೋಡುತ್ತಿರುವಾಗ ರಿಸೆಪ್ಷನ್ನಿನ ಅಕ್ಕ ಬಾಗಿಲಲ್ಲಿ ತಲೆ ಹಾಕಿ, "ಸಾರ್, ಮೂರು ಜನ ಕಾಯ್ತಿದಾರೆ," ಎಂದಳು.

ಸೀಸೆ ಕೆಳಗಿಟ್ಟ. ಮೊಲವನ್ನು ಬುಟ್ಟಿಗೆ ಹಾಕಿದ. ಮೂವರು ಆರಾದರು. ಒಬ್ಬೊಬ್ಬರೂ ಬೆರಳೆತ್ತುತ್ತಾ, ಇಳಿಸುತ್ತಾ, ಸಂಜೆಯಾಯಿತು.

ಮಗಳು ಬಂದಾಗ ಚೀಲ ಎಸೆಯಲಿಲ್ಲ. ಬೆನ್ನಿಗಿದ್ದಂತೆಯೇ, ಕೈಯಲ್ಲೊಂದು ಮೂಲಂಗಿ ಸೊಪ್ಪಿನ ಕಟ್ಟು ಹಿಡಿದು, "ಎಲ್ಲಿ?" ಎಂದಳು. ಅವಳ ತಾಯಿ ಬಾಗಿಲ ಬಳಿಯೇ ನಿಂತಳು. ಬೀಗದ ಕೈ ಇನ್ನೂ ಬೆರಳಲ್ಲಿತ್ತು.

ಮಗಳು ಬುಟ್ಟಿ ತೆರೆದು ಮೊಲವನ್ನು ಎತ್ತಿಕೊಂಡಳು. ಕಿವಿ ಹಿಡಿದು ನೋಡಿದಳು.

"ಕಿವಿ ತಣ್ಣಗಿದೆ."

"ಇಲ್ಲಿ ಎ.ಸಿ. ಇದೆ," ಎಂದ.

ಅವಳ ಕಣ್ಣು ಮೇಜಿನ ಮೇಲೆ ಹೋಯಿತು. ಸೀಸೆ ಎತ್ತಿ ಬೆಳಕಿಗೆ ಹಿಡಿದಳು. ಮುಚ್ಚಳದ ಸೀಲು ಒಡೆದಿರಲಿಲ್ಲ.

"ಇದೇನು?"

"ನೋವಿದ್ರೆ ಹಾಕೋದಕ್ಕೆ ಕೊಟ್ಟಿದ್ದು."

"ಹಾಕ್ಲಿಲ್ವಾ?"

"ಮೆಲ್ಲಗಿತ್ತಲ್ಲ…"

ಅವಳು ಬೈದಿದ್ದರೆ ಚೆನ್ನಾಗಿತ್ತು. ಸೀಸೆಯ ಮೇಲೆ ಬರೆದದ್ದನ್ನು ತುಟಿ ಆಡಿಸುತ್ತಾ ಓದಿ, ಸಿರಿಂಜಿಗೆ ತೆಗೆದು, ಮೊಲವನ್ನು ಎದೆಗವಚಿಕೊಂಡು ಹನಿಹನಿಯಾಗಿ ಹಾಕಿದಳು. ಅದು ನುಂಗಿತು. ಇಡೀ ದಿನದಲ್ಲಿ ಅದು ನುಂಗಿದ್ದನ್ನು ಅವನು ನೋಡಿದ್ದು ಆಗಲೇ.

"ಇಲ್ಲಿ ಸದ್ದು ಜಾಸ್ತಿ," ಎಂದು ಅವಳು ಸೊಪ್ಪು, ಮೊಲ ಎರಡನ್ನೂ ಎತ್ತಿಕೊಂಡು ಡಬ್ಬಿಯ ಕಡೆ ನಡೆದಳು. ಅವನೂ ಹಿಂದೆ ಹೋದ.

"ನೀನು ಬೇಡಪ್ಪ. ನೀನಿದ್ರೆ ಮಾವ ತಿನ್ನಲ್ಲ."

ಬಾಗಿಲು ಹಾಕಿಕೊಂಡಿತು. ದಪ್ಪ ಬಾಗಿಲು, ಹಾಕಿದ್ದೂ ಕೇಳಿಸುವುದಿಲ್ಲ.

"ಬೆಳಿಗ್ಗೆ ಕೇಳಿದ್ನಲ್ಲ ನಾನು," ಎಂದಳು ಹೆಂಡತಿ. "ಮತ್ತೇನಾದ್ರೂ ಇದೆಯಾ ಅಂತ."

"ಕೇಳಿದ್ದೆ."

"ಅದಕ್ಕೇನಾದ್ರೂ ಆದ್ರೆ ಮುಂದಿನ ವಾರದಿಂದ ನಿನ್ನ ಹತ್ರ ಬರೋದಕ್ಕೆ ಇವಳನ್ನ ಹೇಗೆ ಒಪ್ಪಿಸ್ಲಿ, ನೀನೇ ಹೇಳು."

ಅವನು ಯಂತ್ರದ ಮುಂದೆ ಕೂತ. ಗಾಜಿನಲ್ಲಿ ಮೊದಲು ಕಂಡದ್ದು ಅವನದೇ ಮುಖ. ಅದರ ಹಿಂದೆ ಮಗಳ ಬೆನ್ನು, ಬೆನ್ನ ಮೇಲಿನ ಚೀಲ. ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದ. ಅವಳ ಉಸಿರು ಕೇಳಿಸಿತು. ಸೊಪ್ಪಿನ ಕಟ್ಟಿನ ದಾರ ಬಿಚ್ಚಿದ್ದು ಕೇಳಿಸಿತು. "ತಿನ್ನೋ ಮಾವ," ಎಂದಳು. "ಒಂದೇ ಒಂದು ಎಲೆ. ನೋಡು, ಹೀಗೆ."

ಆಮೇಲೆ ಏನೂ ಇಲ್ಲ.

ಆಮೇಲೆ ಕರಕ್ ಎಂದಿತು. ದಂಟು ಮುರಿದ ಸದ್ದು. ಅದರ ಹಿಂದೆಯೇ ಅಗಿಯುವ ಸದ್ದು, ಹಸಿಯಾಗಿ, ಬಿಡದೆ, ಒಂದರ ಮೇಲೊಂದು. ಇದರಲ್ಲಿ ತಪ್ಪುವಂಥದ್ದೇನಿಲ್ಲ. ಜೋರೋ ಮೆಲ್ಲಗೋ, ತಿನ್ನುವುದು ತಿನ್ನುವುದೇ. ಅವನ ಮುಚ್ಚಿದ ರೆಪ್ಪೆಯೊಳಗೆ ನೀರು ತುಂಬಿತು.

"ತಿಂತಿದಾನೆ," ಎಂದ ಗಟ್ಟಿಯಾಗಿ. "ಬಾ ಇಲ್ಲಿ, ಮಾವ ತಿಂತಿದಾನೆ."

ಹೆಂಡತಿ ಬಂದು ಅವನ ಹಿಂದೆ ನಿಂತು ಗಾಜಿನೊಳಗೆ ನೋಡಿದಳು. ಅವನ ಹೆಗಲು ಹಿಡಿದು ಅಲುಗಿಸಿದಳು. ಅವನು ಒಂದು ಕಿವಿ ಬಿಡಿಸಿಕೊಂಡ.

"ಯಾರು?" ಎಂದಳು ಅವಳು.

ಕಣ್ಣು ಬಿಟ್ಟ. ಮಗಳು ನೆಲಕ್ಕೆ ಮೊಣಕೈಯೂರಿ ಬಗ್ಗಿದ್ದಳು. ಅವಳ ಬಾಯಿಂದ ಮೂಲಂಗಿಯ ಅರ್ಧ ಎಲೆ ನೇತಾಡುತ್ತಿತ್ತು. ಹೇಗೆ ತಿನ್ನಬೇಕೆಂದು ತೋರಿಸುತ್ತಿದ್ದಳು. ಮೊಲ ಗೋಡೆಗೆ ಮುಖ ಮಾಡಿ ಕೂತಿತ್ತು. ಅವಳು ಮುಖ ಕಿವುಚಿ ನುಂಗಿ, ತೋಳಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಎಲೆ ಕಿತ್ತಳು. ಕಟ್ಟು ಅರ್ಧಕ್ಕೆ ಬಂದಿತ್ತು.

"ಬಾಗಿಲು ತೆಗಿ," ಎಂದು ಹೆಂಡತಿ ಗಾಜು ಬಡಿಯತೊಡಗಿದಳು. ಒಳಗೆ ಕೇಳಿಸುವಂತಿರಲಿಲ್ಲ.

ಅವನು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೊತ್ತಿಕೊಂಡು ಮತ್ತೆ ಕಣ್ಣು ಮುಚ್ಚಿದ.